ಕೋಚ್ ತಲೆದಂಡಕ್ಕೆ ಮುನ್ನ

2020ರ ಡಿಸೆಂಬರ್ 13. ಲಂಡನ್ನಿನ ಎಮಿರೇಟ್ಸ್ ಕ್ರೀಡಾಂಗಣದಲ್ಲಿ ಬರ್ನ್‌ಲಿ ಎದುರು ಆರ್ಸೆನಲ್ ಆಡುತ್ತಿತ್ತು. ದ್ವಿತೀಯಾರ್ಧದಲ್ಲಿ ಗ್ರಾನಿಟ್ ಝಾಕಾ ಎದುರಾಳಿಯ ಕುತ್ತಿಗೆಗೆ ಕೈಹಾಕಿ ಕೆಂಪು ಕಾರ್ಡ್ ಪಡೆದು ಹೊರನಡೆದರು. ಸ್ವಲ್ಪ ಹೊತ್ತಿಗೆ ಕಾರ್ನರ್ ಕಿಕ್ ತಡೆಯಲು ಹೋದ ನಾಯಕ ಔಬಮೆಯಾಂಗ್ ತಮ್ಮದೇ ಗೋಲಿಗೆ ಚೆಂಡನ್ನು ಹೆಡ್ ಮಾಡಿದರು. ತಂಡ 0–1ರಲ್ಲಿ ಸೋತಿತು.

ಆರೇ ದಿನಗಳಲ್ಲಿ ಎವರ್ಟನ್ ಎದುರು ಮತ್ತೊಂದು ಸೋಲು. 14 ಪಂದ್ಯಗಳಿಂದ 14 ಅಂಕ, 15ನೇ ಸ್ಥಾನ, ಲೀಗ್‌ನಲ್ಲಿ ಸತತ 7 ಪಂದ್ಯ ಗೆಲುವಿಲ್ಲ. ಮ್ಯಾನೇಜರ್ ಮಿಕೆಲ್ ಆರ್ಟೆಟಾ ಆರ್ಸೆನಲ್‌ಗೆ ಬರುವ ಮೊದಲು ಯಾವ ತಂಡವನ್ನೂ ಸ್ವತಂತ್ರವಾಗಿ ನಡೆಸಿದವರಲ್ಲ. ಮ್ಯಾಂಚೆಸ್ಟರ್ ಸಿಟಿಯಲ್ಲಿ ಗಾರ್ಡಿಯೊಲಾಗೆ ಸಹಾಯಕರಾಗಿದ್ದವರು. ಆಗಸ್ಟ್‌ನಲ್ಲಿ ಎಫ್‌ಎ ಕಪ್ ಗೆದ್ದುಕೊಟ್ಟಿದ್ದನ್ನು ಡಿಸೆಂಬರ್ ಹೊತ್ತಿಗೆ ಯಾರೂ ಲೆಕ್ಕಕ್ಕಿಡಲಿಲ್ಲ. ಫುಟ್‌ಬಾಲ್ ಅಭಿಮಾನಿಯ ನೆನಪು ಅಷ್ಟೇ ಉದ್ದ!

ಡಿಸೆಂಬರ್ 26ರಂದು ಪ್ರೇಕ್ಷಕರಿಲ್ಲದ ಅದೇ ಅಂಗಳಕ್ಕೆ ಚೆಲ್ಸಿ ಬಂತು. ಅದರ ಮ್ಯಾನೇಜರ್ ಫ್ರಾಂಕ್ ಲ್ಯಾಂಪಾರ್ಡ್ ಕೂಡ ಹೊಸಬರೇ. ಚೆಲ್ಸಿಗೆ ಬರುವ ಮುನ್ನ ಡರ್ಬಿ ತಂಡದ ಜೊತೆ ಒಂದೇ ಋತುವಿನ ಅನುಭವ. ಆರ್ಟೆಟಾ 19ರ ಸಾಕಾ, ಮಾರ್ಟಿನೆಲ್ಲಿ ಜೊತೆಗೆ 20ರ ಸ್ಮಿತ್ ರೋ ಅವರನ್ನು ಕಣಕ್ಕಿಳಿಸಿದರು. ಆರ್ಸೆನಲ್ 3–1ರಲ್ಲಿ ಗೆದ್ದಿತು.

ತಿಂಗಳಲ್ಲಿ ಲ್ಯಾಂಪಾರ್ಡ್ ಹುದ್ದೆ ಹೋಯಿತು, ಆರ್ಟೆಟಾ ಉಳಿದರು. ನನ್ನ ಪ್ರಕಾರ ಎರಡೂ ಸರಿಯಾದ ತೀರ್ಮಾನಗಳೇ.

ಚೆಲ್ಸಿ ಆಟಗಾರರಿಗಾಗಿ ಆಗಷ್ಟೇ 20 ಕೋಟಿ ಪೌಂಡ್‌ಗೂ ಹೆಚ್ಚು ಸುರಿದಿತ್ತು. ಸರಕಿತ್ತು, ಜೋಡಿಸುವ ಕೈ ಬೇಕಿತ್ತು. ಪಿಎಸ್‌ಜಿಯಿಂದ ಹೊರಬಿದ್ದಿದ್ದ ಥಾಮಸ್ ಟುಕೆಲ್ ಖಾಲಿ ಇದ್ದರು. ಬಂದವರೇ ರಕ್ಷಣೆಗೆ ಮೂವರು ಸೆಂಟರ್ ಬ್ಯಾಕ್‌ಗಳನ್ನು ನಿಲ್ಲಿಸಿ ಗೋಲು ಸೋರುವುದನ್ನು ತಡೆದರು. ಮೇ 29ರಂದು ಪೋರ್ಟೊದಲ್ಲಿ ಮ್ಯಾಂಚೆಸ್ಟರ್ ಸಿಟಿಯನ್ನು 1–0ರಿಂದ ಮಣಿಸಿ ಚೆಲ್ಸಿ ಚಾಂಪಿಯನ್ಸ್ ಲೀಗ್ ಎತ್ತಿತು.

ಆರ್ಸೆನಲ್‌ನ ಕಾಯಿಲೆ ಬೇರೆ. ಅಲ್ಲಿ ತಂಡವೇ ಹಳತಾಗಿತ್ತು. ದೊಡ್ಡ ಸಂಬಳದ ಒಜಿಲ್‌ರಂಥವರನ್ನು ಬಿಡಿಸಿ ಹುಡುಗರನ್ನು ಬೆಳೆಸುವುದು ಒಂದೆರಡು ತಿಂಗಳಲ್ಲಿ ಮುಗಿಯುವ ಕೆಲಸವಲ್ಲ. ಆ ಋತುವಿನಲ್ಲಿ ತಂಡ 8ನೇ ಸ್ಥಾನಕ್ಕೇ ನಿಂತಿತು. ಮುಂದಿನದರ ಮೊದಲ ಮೂರೂ ಪಂದ್ಯ ಸೋತಿತು, ಸಿಟಿ ಎದುರು 0–5. ಆಗಲೂ ಆಡಳಿತ ಕದಲಲಿಲ್ಲ. 2022–23ರಿಂದ ಸತತ ಮೂರು ಋತು ಆರ್ಸೆನಲ್ 2ನೇ ಸ್ಥಾನ ಪಡೆಯಿತು. ಪ್ರಶಸ್ತಿ ಸಿಗಲಿಲ್ಲವಲ್ಲ ಎಂದು ಮೂಗು ಮುರಿಯುವವರು ಆ 15ನೇ ಸ್ಥಾನವನ್ನೊಮ್ಮೆ ನೆನೆಯಬೇಕು.

ಹಾಗೆಂದು ಹೊಸಬರನ್ನೆಲ್ಲ ಸಹಿಸಿಕೊಳ್ಳಬೇಕಿಲ್ಲ. ವೆಲೆನ್ಸಿಯಾದಲ್ಲಿ ಗ್ಯಾರಿ ನೆವಿಲ್ ತಂಡ ಬಾರ್ಸಿಲೋನಾ ಎದುರು 0–7ರಲ್ಲಿ ಸೋತಿತ್ತು. ನಾಲ್ಕು ತಿಂಗಳೂ ತುಂಬುವ ಮೊದಲು ಅವರನ್ನು ಕಳಿಸಿದ್ದರಲ್ಲಿ ತಪ್ಪಿರಲಿಲ್ಲ. ಆದರೆ ಬದಲಾವಣೆಯೇ ಮದ್ದು ಎಂಬ ನಂಬಿಕೆಗೂ ಅರ್ಥವಿಲ್ಲ. ಹೊಸದರಲ್ಲಿ ಅಗಸ ಗೋಣಿ ಎತ್ತೆತ್ತಿ ಒಗೆದಂತೆ, ಹೊಸ ಕೋಚ್ ಬಂದ ಮೊದಲ ಪಂದ್ಯಗಳಲ್ಲಿ ಆಟಗಾರರು ಜೀವ ಬಿಟ್ಟು ಓಡುತ್ತಾರೆ. ಆಮೇಲೆ ಅದೇ ರಾಗ.

ಬದಲಾವಣೆ ಮದ್ದಾಗದ್ದನ್ನು ನಮ್ಮ ಬೆಂಗಳೂರು ಎಫ್‌ಸಿಯೂ ಕಂಡಿದೆ. ಆಲ್ಬರ್ಟ್ ರೋಕಾಗೆ ಸಹಾಯಕರಾಗಿದ್ದ ಕಾರ್ಲೆಸ್ ಕ್ವಾಡ್ರಾಟ್ ಮುಖ್ಯ ಕೋಚ್ ಆದ ಮೊದಲ ಋತುವಿನಲ್ಲೇ, 2018–19ರಲ್ಲಿ, ಐಎಸ್‌ಎಲ್ ಪ್ರಶಸ್ತಿ ಬಂತು. 2021ರ ಜನವರಿಯಲ್ಲಿ ಸಾಲು ಸೋಲುಗಳ ಬಳಿಕ ಕ್ಲಬ್ ಅವರನ್ನು ಬೀಳ್ಕೊಟ್ಟು ನೌಶಾದ್ ಮೂಸಾಗೆ ಹಂಗಾಮಿ ಹೊಣೆ ವಹಿಸಿತು. ತಂಡ 7ನೇ ಸ್ಥಾನದಲ್ಲಿ ಋತು ಮುಗಿಸಿತು.

ಕಂಠೀರವ ಕ್ರೀಡಾಂಗಣದಲ್ಲಿ ಮುಂದೆಂದಾದರೂ ‘ಕೋಚ್ ತೊಲಗಲಿ’ ಎಂಬ ಕೂಗೆದ್ದರೆ, ದನಿಗೂಡಿಸುವ ಮುನ್ನ ಪಕ್ಕದವರನ್ನೊಮ್ಮೆ ಕೇಳಿ: ಬರುವವರು ಯಾರು?