ಕುಂಡದ ಗಿಡದ ಎಲೆ ಕೆಟ್ಟರೆ: ಔಷಧಿಗೆ ಮೊದಲು ಎಲೆ ಮಗುಚಿ ನೋಡಿ

ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳಲ್ಲಿ ಅಂಗಳವಿಲ್ಲದವರೂ ತಾರಸಿಯ ಮೇಲೆ ಕುಂಡಗಳನ್ನಿಟ್ಟು ತುಳಸಿ, ಕರಿಬೇವು, ದಾಸವಾಳ ಬೆಳೆಸುತ್ತಾರೆ. ಕೆಂಗೇರಿ, ಮಾಗಡಿ ರಸ್ತೆಗಳ ಬಸ್ಸುಗಳಲ್ಲಿ ಇಂಥ ಸಸಿಗಳು ಹಳ್ಳಿಗೂ ಬರುತ್ತವೆ. ಸಸಿಯೊಡನೆ ಕೀಟವೂ ಬರಬಹುದು. ಆದ್ದರಿಂದ ಕುಂಡದ ಗಿಡದ ಎಲೆಯ ತೊಂದರೆ ಹೊಲದ ರೈತನಿಗೂ ಸಂಬಂಧಪಟ್ಟ ವಿಷಯ.

ಎಲೆ ಹಳದಿಯಾದ ಕೂಡಲೇ ಔಷಧಿ ಹೊಡೆಯಬಾರದು. ಯಾವ ಎಲೆ ಹಳದಿಯಾಗಿದೆ ಎಂಬುದನ್ನು ಮೊದಲು ಗಮನಿಸಬೇಕು. ಬುಡದ ಹಳೆಯ ಎಲೆಗಳು ಹಳದಿಯಾಗಿ ಮಣ್ಣು ಸದಾ ಒದ್ದೆಯಾಗಿದ್ದರೆ ಬೇರು ಕೊಳೆಯುತ್ತಿರಬಹುದು. ನೀರು ನಿಲ್ಲಿಸಿ, ಕುಂಡದ ತಳದ ತೂತು ಬಿಡಿಸಬೇಕು. ಮಣ್ಣು ಹದವಾಗಿದ್ದೂ ಹಳೆಯ ಎಲೆ ಬಿಳಿಚಿಕೊಂಡರೆ ಸಾರಜನಕದ ಕೊರತೆ. ಒಂದೆರಡು ಹಿಡಿ ಎರೆಗೊಬ್ಬರ ಹಾಕಿದರೆ ಸಾಕು.

ತುದಿಯ ಎಳೆ ಎಲೆ ಹಳದಿಯಾಗಿ ನರಗಳು ಮಾತ್ರ ಹಸಿರಾಗಿ ಉಳಿದರೆ ಕಬ್ಬಿಣದ ಕೊರತೆ. ಕೊಳವೆ ಬಾವಿಯ ಗಡಸು ನೀರನ್ನೇ ಹಾಕುವ ಕುಂಡಗಳಲ್ಲಿ ಇದು ಹೆಚ್ಚು. ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿ, 1 ಗ್ರಾಂ ನಿಂಬೆ ಉಪ್ಪು ಕರಗಿಸಿ ಸಂಜೆ ಸಿಂಪಡಿಸಬೇಕು. ಮೊದಲು ಒಂದು ಕೊಂಬೆಗೆ ಮಾತ್ರ ಹಾಕಿ ನೋಡುವುದು ಲೇಸು.

ಎಲೆ ಮುದುಡಿ ಅಂಟಂಟಾಗಿದ್ದರೆ ಮಗುಚಿ ನೋಡಿ. ಹೇನು, ಬಿಳಿ ಹಿಟ್ಟುತಿಗಣೆಗಳು ಅಲ್ಲೇ ಅಡಗಿರುತ್ತವೆ. ನೀರನ್ನು ರಭಸವಾಗಿ ಎರಚಿ ತೊಳೆದು, ಲೀಟರಿಗೆ 5 ಮಿಲಿ ಬೇವಿನ ಎಣ್ಣೆಯನ್ನು ಸ್ವಲ್ಪ ಸೋಪಿನೊಡನೆ ಕಲಕಿ ಎಲೆಯ ಅಡಿಭಾಗಕ್ಕೆ ಸಿಂಪಡಿಸಬೇಕು. ವಾರ ಬಿಟ್ಟು ಮತ್ತೊಮ್ಮೆ ಸಿಂಪಡಿಸಬೇಕು. ಕರಿಬೇವು, ತುಳಸಿ ನೇರವಾಗಿ ಹೊಟ್ಟೆಗೆ ಹೋಗುವ ಎಲೆ. ಹೊಲದ ಬೆಳೆಗೆಂದು ತಂದ ಕೀಟನಾಶಕವನ್ನು ಇವಕ್ಕೆ ಹೊಡೆಯಲೇಬಾರದು.

ಕರಿಬೇವಿನ ಎಲೆಯ ಮೇಲೆ ಹಕ್ಕಿ ಹಿಕ್ಕೆಯಂತೆ ಕಾಣುವುದು ಹಲವು ವೇಳೆ ನಿಂಬೆ ಚಿಟ್ಟೆಯ ಮರಿಹುಳು. ಕೈಯಿಂದ ಆರಿಸಿದರೆ ತೀರಿತು. ಆದರೆ ಕುಡಿಯಲ್ಲಿ ಕೂರುವ ನಿಂಬೆಯ ಜಿಗಿಹೇನನ್ನು ಕಡೆಗಣಿಸಬೇಡಿ. ನಿಂಬೆ, ಕಿತ್ತಳೆ ಗಿಡಗಳಿಗೆ ಹಸಿರುಗಟ್ಟು ರೋಗ ಹರಡುವುದು ಇದೇ ಕೀಟ. ಆ ರೋಗ ತಗುಲಿದ ಮರವನ್ನು ಗುಣಪಡಿಸುವ ಔಷಧಿಯಿಲ್ಲ. ನಿಂಬೆ ತೋಟವಿರುವವರು ಹುಳು ಹತ್ತಿದ ಕರಿಬೇವಿನ ಸಸಿಯನ್ನು ಊರಿಗೆ ತರಬಾರದು.

ಇದು ಬರಿಯ ಹೆದರಿಕೆಯ ಮಾತಲ್ಲ. 2008ರಲ್ಲಿ ಕೊಯಮತ್ತೂರಿನಲ್ಲಿ ಕಂಡ ಪರಂಗಿ ಹಿಟ್ಟುತಿಗಣೆ ಕರ್ನಾಟಕಕ್ಕೂ ಹಬ್ಬಿ ಪರಂಗಿ, ಹಿಪ್ಪುನೇರಳೆ ತೋಟಗಳನ್ನು ಕಾಡಿತು. ದಾಸವಾಳವೂ ಅದರ ಆಸರೆಯೇ. 2010ರಲ್ಲಿ ಬೆಂಗಳೂರಿನ ಕೀಟ ಸಂಶೋಧನಾ ಸಂಸ್ಥೆಯವರು ಪೋರ್ಟೊರಿಕೊದಿಂದ ಪರಾವಲಂಬಿ ಕಣಜಗಳನ್ನು ತರಿಸಿ ಬಿಟ್ಟ ಮೇಲೆ ಅದು ಹತೋಟಿಗೆ ಬಂತು. ವಿಷ ಹೊಡೆದರೆ ಇಂಥ ಮಿತ್ರಕೀಟಗಳೇ ಮೊದಲು ಸಾಯುತ್ತವೆ.

ಪೇಟೆಯಿಂದ ತಂದ ಸಸಿಯನ್ನು ಎರಡು ಮೂರು ವಾರ ತೋಟದಿಂದ ದೂರವಿಡಿ. ದಿನಕ್ಕೊಮ್ಮೆ ಎಲೆ ಮಗುಚಿ ನೋಡಿ. ಶುಚಿಯೆಂದು ಖಾತ್ರಿಯಾದ ಮೇಲೆಯೇ ಅದನ್ನು ನೆಲಕ್ಕೆ ಇಳಿಸಿ.