ಪರೀಕ್ಷಕರಿಗೂ ಒಂದು ಪರೀಕ್ಷೆ

ಸಂದರ್ಶನದ ಕೋಣೆಯಲ್ಲಿ ಉಮೇದುವಾರನ ಎದುರು ಕುಳಿತ ಅಧಿಕಾರಿಗಳು ತಪ್ಪದೆ ಕೇಳುವ ಪ್ರಶ್ನೆಯೊಂದುಂಟು: "ಈಚೆಗೆ ಹೊಸದಾಗಿ ಏನು ಕಲಿತಿದ್ದೀರಿ?" ಹುಡುಗ ತಡವರಿಸಿದರೆ ಅವನ ಹೆಸರಿನ ಮುಂದೆ ಗೀಟು ಬೀಳುತ್ತದೆ. ಅದೇ ಪ್ರಶ್ನೆಯನ್ನು ಆ ಅಧಿಕಾರಿಗಳಿಗೇ ಹಾಕಿದರೆ? ಅವರಲ್ಲಿಯೂ ಅನೇಕರು ತಡವರಿಸಿಯಾರು. ದೀಪದ ಬುಡದಲ್ಲಿ ಕತ್ತಲೆ ಎಂಬುದು ಸುಳ್ಳಲ್ಲ.

ಇಂದು 'ಎಚ್.ಆರ್.' ಎಂದು ಕರೆಸಿಕೊಳ್ಳುವ ಈ ವೃತ್ತಿಯ ಹುಟ್ಟು ಸ್ವಾರಸ್ಯಕರವಾದುದು. ಹಿಂದೆ ಗಿರಣಿಗಳಲ್ಲಿ ಆಳನ್ನು ಸೇರಿಸುವ, ತೆಗೆಯುವ ಅಧಿಕಾರವೆಲ್ಲ ಮೇಸ್ತ್ರಿಯದು. ಅವನ ಕೈ ಬೆಚ್ಚಗೆ ಮಾಡಿದವನಿಗೆ ಕೆಲಸ. ಈ ಅನ್ಯಾಯವನ್ನು ತಡೆಯಲು ಕಾರ್ಮಿಕ ಅಧಿಕಾರಿಗಳನ್ನು ನೇಮಿಸಬೇಕೆಂದು 1931ರಲ್ಲಿ ರಾಯಲ್ ಕಮಿಷನ್ ಶಿಫಾರಸು ಮಾಡಿತು. 1948ರ ಕಾರ್ಖಾನೆಗಳ ಕಾಯಿದೆಯು 500 ಅಥವಾ ಹೆಚ್ಚು ಕೆಲಸಗಾರರಿರುವ ಕಾರ್ಖಾನೆಗೆ ಕಲ್ಯಾಣಾಧಿಕಾರಿಯನ್ನು ಕಡ್ಡಾಯಗೊಳಿಸಿತು. ಹೀಗೆ ಬಡವನ ಹಕ್ಕನ್ನು ಕಾಯಲೆಂದೇ ಹುಟ್ಟಿದ ಹುದ್ದೆಯಿದು.

ಕಾಯಿದೆಗಳನ್ನು ಒಮ್ಮೆ ಕಂಠಪಾಠ ಮಾಡಿದವರು ನಿವೃತ್ತಿಯವರೆಗೂ ಅದರ ಬಲದಿಂದಲೇ ಬಾಳಬಹುದೆಂಬ ಭಾವನೆ ಬಹುಕಾಲ ಉಳಿದಿತ್ತು. 2025ರ ನವೆಂಬರ್ 21ರಂದು ಆ ಭಾವನೆಗೆ ಪೆಟ್ಟು ಬಿತ್ತು. ಅಂದು 29 ಕೇಂದ್ರ ಕಾರ್ಮಿಕ ಕಾಯಿದೆಗಳ ಸ್ಥಾನದಲ್ಲಿ ನಾಲ್ಕು ಸಂಹಿತೆಗಳು ಜಾರಿಗೆ ಬಂದವು. ಕಲ್ಯಾಣಾಧಿಕಾರಿಗೆ ಸಂಬಂಧಿಸಿದ 500ರ ಮಿತಿ 250ಕ್ಕೆ ಇಳಿಯಿತು. 'ವೇತನ' ಎಂಬ ಪದದ ಅರ್ಥವೇ ಬದಲಾಯಿತು. ನಿಗದಿತ ಅವಧಿಯ ಒಪ್ಪಂದದ ನೌಕರನು ಒಂದು ವರ್ಷ ಸೇವೆ ಸಲ್ಲಿಸಿದರೆ ಗ್ರಾಚ್ಯುಯಿಟಿಗೆ ಅರ್ಹನಾದನು.

ಎರಡು ವರ್ಷದ ಒಪ್ಪಂದ ಮುಗಿಸಿದ ಕೆಲಸಗಾರನೊಬ್ಬ ಬಂದು, "ನನಗೇನಾದರೂ ಬರಬೇಕೇ, ಸ್ವಾಮಿ?" ಎಂದು ಕೇಳುತ್ತಾನೆಂದು ಭಾವಿಸಿ. ಅಧಿಕಾರಿಗಳು ಹಳೆಯ ನೆನಪಿನಿಂದ, "ಐದು ವರ್ಷ ತುಂಬಿಲ್ಲವಲ್ಲಪ್ಪ" ಎಂದುಬಿಟ್ಟರೆ ಅವನು ಬರಿಗೈಯಲ್ಲಿ ಮನೆಗೆ ಹೋಗುತ್ತಾನೆ. ಅಧಿಕಾರಿಗಳಲ್ಲಿ ಕೆಡುಕಿಲ್ಲ, ಓದಿಲ್ಲ, ಅಷ್ಟೆ. ಆದರೆ ನಷ್ಟ ಆ ಸಂಸಾರದ್ದು.

ಕಲಿಯದಿರುವುದರ ನಷ್ಟ ತಮಗೂ ಇದೆ. ಕೆಲಸದಿಂದ ಕಡಿತಗೊಂಡ ಕಾರ್ಮಿಕನು ಹೊಸ ಕಸಬನ್ನು ಕಲಿಯಲೆಂದು ಮಾಲೀಕನು ಅವನ 15 ದಿನಗಳ ವೇತನವನ್ನು ನಿಧಿಗೆ ಕಟ್ಟಬೇಕೆಂದು ಹೊಸ ಸಂಹಿತೆ ವಿಧಿಸುತ್ತದೆ. ಆಡಳಿತದ ಹುದ್ದೆಯಲ್ಲಿರುವ ಅಧಿಕಾರಿಯಾದರೋ ಕಾನೂನಿನ ಕಣ್ಣಿಗೆ 'ಕಾರ್ಮಿಕ'ನಲ್ಲ. ಆ ನಿಧಿ ಅವನಿಗಿಲ್ಲ. ಇತ್ತ ಸಂಬಳದ ಲೆಕ್ಕ, ರಜೆಯ ಖಾತೆ, ಅರ್ಜಿಗಳ ವಿಂಗಡಣೆಗಳನ್ನು ಗಣಕಯಂತ್ರಗಳು ಮಾಡತೊಡಗಿವೆ. ಇತರರ ಕಡಿತದ ಪತ್ರಗಳಿಗೆ ರುಜು ಹಾಕಿದ ಕೈಗೇ ಅಂಥದೊಂದು ಪತ್ರ ಬಂದೀತು.

ಪರಿಹಾರ ದುಬಾರಿಯದಲ್ಲ. ವಾರಕ್ಕೆರಡು ಸಂಜೆ ಹೊಸ ಸಂಹಿತೆಗಳನ್ನೂ ನಿಯಮಗಳನ್ನೂ ಮೂಲದಲ್ಲಿಯೇ ಓದುವುದು. ಸಂದೇಹ ಬಂದಾಗ, ನೆನಪನ್ನು ನಂಬದೆ, ಪುಸ್ತಕ ತೆರೆಯುವುದು. ಯಂತ್ರ ವಿಂಗಡಿಸಿ ಬದಿಗೊತ್ತಿದ ಅರ್ಜಿಗಳಲ್ಲಿ ಕೆಲವನ್ನಾದರೂ ತಾವೇ ನೋಡುವುದು. ತಿಳಿಯದ್ದನ್ನು ಕಿರಿಯರಿಂದ ಕೇಳಿ ಕಲಿಯಲು ನಾಚದಿರುವುದು. ಇವೆಲ್ಲಕ್ಕೂ ಮಿಗಿಲಾಗಿ, ಯಂತ್ರಗಳ ಸದ್ದಿನ ನಡುವೆ ನಿಂತು ಕೆಲಸಗಾರನ ಮಾತನ್ನು ಕೇಳುವ ಅಭ್ಯಾಸವನ್ನು ಬಿಡಬಾರದು. ಕಾಯಿದೆ ಬದಲಾದೀತು, ಎದುರಿಗೆ ನಿಂತ ಮನುಷ್ಯನ ಮುಖವನ್ನು ಓದುವ ವಿದ್ಯೆ ಹಳತಾಗುವುದಿಲ್ಲ.

ಐವತ್ತರ ವಯಸ್ಸಿನಲ್ಲಿ ತಂದೆ ಪುಸ್ತಕ ಹಿಡಿದು ಕುಳಿತರೆ ಮಕ್ಕಳು ನಕ್ಕಾರು. ನಗಲಿ. ಮರುದಿನ ಅವರ ಎದುರಿಗೆ ಕುಳಿತು "ಏನು ಹೊಸದಾಗಿ ಕಲಿತೆ?" ಎಂದು ಯಾವ ಹುಡುಗನನ್ನಾದರೂ ಕೇಳುವ ಹಕ್ಕು ಅವರಿಗೆ ಬಂದಿರುತ್ತದೆ.