ರೋಮನರ ಪಶುಪೋಷಣೆಯೂ ಕೊಬ್ಬಿನ ಶಬ್ದಗಳೂ

ಒಂದು ಜನಾಂಗವು ಯಾವ ಕಸಬಿನಿಂದ ಬಾಳುವುದೋ ಆ ಕಸಬಿನ ಸೂಕ್ಷ್ಮಗಳು ಅದರ ಭಾಷೆಯಲ್ಲಿ ನೆಲೆಗೊಳ್ಳುತ್ತವೆ. ನಮ್ಮ ಒಕ್ಕಲಿಗರಲ್ಲಿ ಎತ್ತಿನ ಬಣ್ಣ, ಕೊಂಬು, ಸುಳಿಗಳಿಗೆ ಬೇರೆ ಬೇರೆ ಹೆಸರುಗಳಿರುವಂತೆ, ಪ್ರಾಚೀನ ರೋಮನರ ಲ್ಯಾಟಿನ್ ಭಾಷೆಯಲ್ಲಿ ಕೊಬ್ಬಿಗೂ ಪ್ರಾಣಿಗಳನ್ನು ಕೊಬ್ಬಿಸುವ ಕೆಲಸಕ್ಕೂ ಹಲವಾರು ಶಬ್ದಗಳಿದ್ದವು. ರೋಮನರು ಮೊದಲಿಗೆ ಬೇಸಾಯಗಾರರು. ಕ್ರಿಸ್ತಪೂರ್ವ 2ನೆಯ ಶತಮಾನದ ಕೇಟೋ, ತನ್ನ ಎಂಬತ್ತನೆಯ ವಯಸ್ಸಿನಲ್ಲಿ ಗ್ರಂಥವನ್ನು ಬರೆದ ವರ್ರೋ, ಕ್ರಿಸ್ತಶಕ 1ನೆಯ ಶತಮಾನದ ಕೊಲುಮೆಲ್ಲ ಎಂಬ ಮೂವರ ವ್ಯವಸಾಯಗ್ರಂಥಗಳು ಇಂದಿಗೂ ಉಳಿದಿವೆ. ಅವುಗಳಲ್ಲಿ ದೊರೆಯುವ ಈ ಶಬ್ದಗಳನ್ನು ವಿಚಾರಿಸಿದರೆ, ಆ ಜನರು ಯಾವ ಕೊಬ್ಬನ್ನು ಸಂಪತ್ತೆಂದು ಎಣಿಸಿದರು, ಯಾವುದನ್ನು ಕೇಡೆಂದು ತಿಳಿದರು, ಅದಕ್ಕಾಗಿ ಎಷ್ಟು ಬೆಲೆಯನ್ನು ತೆತ್ತರು ಎಂಬುದು ಗೋಚರವಾಗುವುದು.

ನೆಲದ ಕೊಬ್ಬು, ಮೈಯ ಕೊಬ್ಬು

ಎಲ್ಲಕ್ಕಿಂತ ಸಾಮಾನ್ಯವಾದ ಶಬ್ದವು 'ಪಿಂಗ್ವಿಸ್' ಎಂಬುದು. ಇದು ಕೊಬ್ಬಿದ ಪ್ರಾಣಿಗೂ ಸಲ್ಲುವುದು, ಸತ್ವವುಳ್ಳ ಭೂಮಿಗೂ ಸಲ್ಲುವುದು. ಭೂಮಿಯು ಪಿಂಗ್ವಿಸ್ ಆಗಿದೆಯೇ ಎಂಬುದಕ್ಕೆ ವರ್ಜಿಲ್ ಕವಿಯೂ ಕೊಲುಮೆಲ್ಲನೂ ಒಂದು ಪರೀಕ್ಷೆಯನ್ನು ಹೇಳಿದ್ದಾರೆ. ಹಿಡಿಮಣ್ಣನ್ನು ತುಸು ನೀರಿನಿಂದ ನೆನೆಸಿ ಅಂಗೈಯಲ್ಲಿ ನಾದಿದಾಗ, ಅದು ಉದುರಿಹೋಗದೆ ಅರಗಿನಂತೆ ಬೆರಳುಗಳಿಗೆ ಅಂಟಿಕೊಂಡರೆ ಅಂಥ ನೆಲವು ಕೊಬ್ಬಿದ ನೆಲವು. ಇದೇ ಶಬ್ದವನ್ನು ಬುದ್ಧಿಗೆ ಹೇಳಿದರೆ ಮಾತ್ರ ಅದು ಮಂದಬುದ್ಧಿಯೆಂದಾಗುವುದು. ಕನ್ನಡದಲ್ಲಿ 'ಕೊಬ್ಬು' ಎಂದರೆ ಮನುಷ್ಯನ ಸೊಕ್ಕನ್ನೂ ಹೇಳುವುದುಂಟು; ಲ್ಯಾಟಿನ್ನಿನಲ್ಲಿ ಅದು ಜಡತೆಯನ್ನು ಹೇಳಿತು.

ಮೈಯೊಳಗಿನ ಕೊಬ್ಬಿನಲ್ಲಿಯೂ ಭೇದವುಂಟು. ಹಂದಿಯೇ ಮೊದಲಾದ ಪ್ರಾಣಿಗಳ ಮೃದುವಾದ ನೆಣವು 'ಆದೆಪ್ಸ್'. ದನ, ಕುರಿ ಮುಂತಾದ ಕೊಂಬುಳ್ಳ ಪ್ರಾಣಿಗಳಲ್ಲಿ ದೊರೆಯುವುದು, ಆರಿದ ಮೇಲೆ ಗಟ್ಟಿಯಾಗುವುದು 'ಸೇಬುಮ್'. ಉಪ್ಪು ಹಾಕಿ ಕೂಡಿಟ್ಟ ಹಂದಿಯ ಕೊಬ್ಬು 'ಲಾರಿದುಮ್'.

ಶುಭಾರ್ಥವುಳ್ಳ ಶಬ್ದವು 'ಒಪೀಮುಸ್'. ಸಾರ್ವಜನಿಕ ಯಾಗಗಳಿಗೆಂದು ಮೇಯಿಸಿ ಬೆಳೆಸಿದ ಎತ್ತುಗಳಿಗೆ ಈ ಹೆಸರೆಂದು ವರ್ರೋ ತಿಳಿಸಿರುವನು. ರೋಮನ್ ದಳಪತಿಯು ಶತ್ರುವಿನ ದಳಪತಿಯನ್ನು ಸ್ವಹಸ್ತದಿಂದ ಕೊಂದು ತಂದ ಆಯುಧಗಳಿಗೂ ಇದೇ ವಿಶೇಷಣವಿದ್ದಿತು. ಇದಕ್ಕೆ ಎದುರಾದದ್ದು 'ಒಬೇಸುಸ್'. ಇದರ ಧಾತುವಿಗೆ ತಿಂದುಹಾಕು ಎಂದರ್ಥ. 2ನೆಯ ಶತಮಾನದ ಔಲುಸ್ ಗೆಲ್ಲಿಯುಸ್ ಎಂಬ ಪಂಡಿತನು ಒಂದು ವಿಚಿತ್ರವನ್ನು ಗುರುತಿಸಿದ್ದಾನೆ: ಹಳೆಯ ಕವಿಯೊಬ್ಬನು ಈ ಶಬ್ದವನ್ನು ಕೃಶವಾದ, ಬಡಕಲಾದ ಎಂಬರ್ಥದಲ್ಲಿ ಪ್ರಯೋಗಿಸಿರಲು, ಜನರ ಬಳಕೆಯಲ್ಲಿ ಅದು ಅತಿಸ್ಥೂಲವೆಂದೇ ನಿಂತಿತು. ತಿನ್ನಲ್ಪಟ್ಟದ್ದೂ ತಿಂದು ಊದಿದ್ದೂ ಒಂದೇ ಶಬ್ದದಲ್ಲಿ ಸೇರಿದವು. ಅರ್ಕೇಡಿಯ ಸೀಮೆಯಲ್ಲಿ ಹಂದಿಯೊಂದು ಎದ್ದು ನಿಲ್ಲಲಾರದಷ್ಟು ಕೊಬ್ಬಿ, ಅದರ ಮಾಂಸವನ್ನು ಇಲಿಯೊಂದು ಕೊರೆದು ಗೂಡು ಮಾಡಿ ಮರಿಹಾಕಿತ್ತೆಂದು ವರ್ರೋವಿನ ಗ್ರಂಥದಲ್ಲಿ ಹೇಳಿದೆ. ಆ ಹಂದಿಗೆ ಶಬ್ದದ ಎರಡು ಅರ್ಥಗಳೂ ಒಪ್ಪುವುವು.

ಕೊಬ್ಬಿಸುವ ಕಸಬು

ಕೊಬ್ಬಿಸುವುದಕ್ಕೆ 'ಸಗಿನಾರೆ' ಎಂದೂ, ಅದಕ್ಕಾಗಿ ಕೊಡುವ ಮೇವಿಗೆ 'ಸಗೀನ' ಎಂದೂ ಹೆಸರು. ಜಗಜಟ್ಟಿಗಳಾದ ಗ್ಲಾಡಿಯೇಟರರ ಆಹಾರಕ್ಕೂ ಸಗೀನವೆಂದೇ ಹೇಳುತ್ತಿದ್ದರು. 'ಅಲೆರೆ', ಅಂದರೆ ಪೋಷಿಸು, ಎಂಬುದರಿಂದ 'ಅಲ್ತಿಲಿಸ್' ಎಂಬ ಶಬ್ದ ಬಂದಿತು; ಇದು ಮೇಯಿಸಿ ಕೊಬ್ಬಿಸಿದ ಕೋಳಿ ಮೊದಲಾದವುಗಳ ಹೆಸರು. 'ಫಾರ್ಕೀರೆ' ಎಂದರೆ ಗಿಡಿದು ತುಂಬು. ಈ ಕೆಲಸವನ್ನೇ ಕಸಬಾಗಿ ಮಾಡುವವನು 'ಫಾರ್ತೊರ್'. ಕೋಳಿಯನ್ನು ಕೊಬ್ಬಿಸುವುದು ಫಾರ್ತೊರನ ಕೆಲಸವೇ ಹೊರತು ಬೇಸಾಯಗಾರನದಲ್ಲವೆಂದು ಕೊಲುಮೆಲ್ಲನು ಸ್ಪಷ್ಟವಾಗಿ ಹೇಳಿ, ಆದರೂ ಅದು ಕಷ್ಟವಲ್ಲವಾದ್ದರಿಂದ ಕ್ರಮವನ್ನು ತಿಳಿಸುವೆನೆಂದು ಮುಂದುವರಿದಿರುವನು.

ಕೇಟೋವಿನ ಕ್ರಮವು ಹೀಗಿದೆ: ಮೊದಲ ಸಲ ಮೊಟ್ಟೆಯಿಡುವ ಹೇಂಟೆಗಳನ್ನು ಮುಚ್ಚಿಡಬೇಕು. ನುಣ್ಣನೆಯ ಹಿಟ್ಟು ಅಥವಾ ಜವೆಗೋದಿಯ ಹಿಟ್ಟಿನಿಂದ ಉಂಡೆಗಳನ್ನು ಮಾಡಿ, ನೀರಿನಲ್ಲಿ ಅದ್ದಿ, ಬಾಯೊಳಗೆ ಇಡಬೇಕು. ದಿನಕ್ಕೆ ಎರಡು ಸಲ ಕೊಡುತ್ತ, ದಿನದಿನವೂ ತುಸುತುಸುವೇ ಹೆಚ್ಚಿಸುತ್ತ, ಸಾಕಷ್ಟಾಯಿತೇ ಎಂಬುದನ್ನು ಗಂಟಲನ್ನು ನೋಡಿ ತಿಳಿಯಬೇಕು. ವರ್ರೋವಿನ ಪ್ರಕಾರ ಇಪ್ಪತ್ತೈದು ದಿನಗಳಲ್ಲಿ ಕೋಳಿಯು ಕೊಬ್ಬುವುದು. ಗೋದಿಯ ರೊಟ್ಟಿಯನ್ನು ನೀರು ಮತ್ತು ಸುವಾಸನೆಯ ದ್ರಾಕ್ಷಾರಸದಲ್ಲಿ ನೆನೆಸಿ ತಿನ್ನಿಸಿದರೆ ಇಪ್ಪತ್ತೇ ದಿನಗಳು ಸಾಕು. ಅತಿಯಾಗಿ ತಿನ್ನಿಸಿದ್ದರಿಂದ ಮೇವಿನ ಮೇಲೆ ಜಿಗುಪ್ಸೆ ಹುಟ್ಟಿದರೆ, ಮೊದಲ ಹತ್ತು ದಿನಗಳಲ್ಲಿ ಏರಿಸಿದ ಅಳತೆಯಲ್ಲಿಯೇ ಮುಂದಿನ ದಿನಗಳಲ್ಲಿ ಇಳಿಸಬೇಕೆಂದು ಅವನು ಎಚ್ಚರಿಸಿರುವನು. ಜಾಗವು ಬೆಚ್ಚಗಿರಬೇಕು, ಬೆಳಕು ಅತ್ಯಲ್ಪವಾಗಿರಬೇಕು ಎಂಬುದು ಕೊಲುಮೆಲ್ಲನ ವಿಧಿ.

ಅಂಜೂರದ ಹಣ್ಣನ್ನು ತಿನ್ನಿಸಿ ಬಾತಿನ ಯಕೃತ್ತನ್ನು ಬೆಳೆಸುವುದು ಮತ್ತೊಂದು ಕುಶಲತೆ. ಒಣ ಅಂಜೂರದಿಂದ ಹೆಣ್ಣುಹಂದಿಯ ಯಕೃತ್ತನ್ನೂ ಹೀಗೆಯೇ ಬೆಳೆಸುವ ಉಪಾಯವನ್ನು ಆಪೀಕಿಯುಸ್ ಎಂಬವನು ಕಂಡುಹಿಡಿದನೆಂದು ಪ್ಲಿನಿಯು ಬರೆದಿದ್ದಾನೆ. ಅಂಜೂರಕ್ಕೆ 'ಫೀಕುಸ್' ಎಂದೂ, ಅಂಥ ಯಕೃತ್ತಿಗೆ 'ಫೀಕಾತುಮ್' ಎಂದೂ ಹೆಸರಾಯಿತು. ಕಾಲಕ್ರಮದಲ್ಲಿ ಯಕೃತ್ತಿನ ಹಳೆಯ ಲ್ಯಾಟಿನ್ ಹೆಸರೇ ಮರೆಯಾಗಿ, ಇಂದು ಇಟಾಲಿಯನ್ನಿನ 'ಫೇಗತೊ', ಫ್ರೆಂಚಿನ 'ಫ್ವಾ', ಸ್ಪ್ಯಾನಿಷಿನ 'ಈಗದೊ' ಎಂಬ ಶಬ್ದಗಳೆಲ್ಲವೂ ಈ ಅಂಜೂರದಿಂದಲೇ ಬಂದಿವೆ. ಮನುಷ್ಯನ ಯಕೃತ್ತಿಗೂ ಅದೇ ಹೆಸರು.

ಲಾಭವೂ ಶಾಸನವೂ

ಈ ಭೋಗವು ಮಿತಿಮೀರಲು, ಕ್ರಿಸ್ತಪೂರ್ವ 161ರಲ್ಲಿ ಫಾನ್ನಿಯುಸ್ ಎಂಬ ಅಧಿಕಾರಿಯು ಶಾಸನವನ್ನು ಮಾಡಿಸಿದನು. ಊಟದಲ್ಲಿ ಒಂದು ಹೇಂಟೆಯ ಹೊರತು ಬೇರೆ ಹಕ್ಕಿಯನ್ನು ಬಡಿಸಕೂಡದು, ಆ ಹೇಂಟೆಯೂ ಅಲ್ತಿಲಿಸ್ ಆಗಿರಕೂಡದು ಎಂಬುದು ಅದರ ಒಂದು ವಿಧಿ. ಶಾಸನದಲ್ಲಿದ್ದ ಶಬ್ದವು ಹೇಂಟೆಯೆಂದಲ್ಲವೇ! ಆದಕಾರಣ ಜನರು ಹುಂಜಗಳಿಗೆ ಹಾಲಿನಲ್ಲಿ ನೆನೆಸಿದ ಆಹಾರವನ್ನು ತಿನ್ನಿಸಿ ಕೊಬ್ಬಿಸತೊಡಗಿದರು.

ಲಾಭವು ಎಷ್ಟಿತ್ತೆಂಬುದಕ್ಕೆ ಲೆಕ್ಕಗಳೂ ಉಳಿದಿವೆ. ನವಿಲುಗಳನ್ನು ಮೊಟ್ಟಮೊದಲು ಕೊಬ್ಬಿಸಿ ಮಾರಿದ ಔಫಿದಿಯುಸ್ ಲುರ್ಕೋ ಎಂಬವನಿಗೆ ಅದರಿಂದ ವರ್ಷಕ್ಕೆ 60,000 ಸೆಸ್ಟರ್ಸ್ ಹಣ ಬರುತ್ತಿದ್ದಿತು. ವರ್ರೋವಿನ ಗ್ರಂಥದಲ್ಲಿ ಅವನ ತಾಯಿಯ ಸೋದರಿಯ ಜಮೀನಿನ ಮಾತು ಬರುವುದು. ಅಲ್ಲಿ ಒಂದೇ ವರ್ಷದಲ್ಲಿ 5,000 'ತುರ್ದುಸ್' ಎಂಬ ಸಣ್ಣ ಹಾಡುಹಕ್ಕಿಗಳು ತಲಾ ಮೂರು ದಿನಾರಿಗೆ ಮಾರಾಟವಾಗಿ ಅಷ್ಟೇ ಹಣವನ್ನು ತಂದವು. ಇದು 200 ಯೂಗೆರ, ಅಂದರೆ ಸುಮಾರು 125 ಎಕರೆ ಜಮೀನಿನ ಹುಟ್ಟುವಳಿಯ ಇಮ್ಮಡಿ. ಆದರೆ ಅದೇ ಗ್ರಂಥವು ಇನ್ನೊಂದನ್ನೂ ಹೇಳುವುದು: ಅಂಥ ಲಾಭವಾಗಬೇಕಾದರೆ ಆ ವರ್ಷ ಯಾರದಾದರೂ ವಿಜಯೋತ್ಸವವೋ ಸಂಘಗಳ ಔತಣಗಳೋ ಒದಗಿಬರಬೇಕು.

ಆ ಹಕ್ಕಿಗಳ ಕೋಣೆಗೆ ಕಿಟಕಿಗಳು ವಿರಳವಾಗಿರಬೇಕೆಂದು ವಿಧಿಯಿದ್ದಿತು. ಹೊರಗಿನ ಮರಗಳನ್ನೂ ಹಾರುವ ಹಕ್ಕಿಗಳನ್ನೂ ಕಂಡರೆ ಒಳಗಿನವು ಹಂಬಲಿಸಿ ಬಡವಾಗುವುವಂತೆ. ಕೊಲ್ಲುವುದನ್ನೂ ಪಕ್ಕದ ಬೇರೊಂದು ಕೋಣೆಯಲ್ಲಿ ಮರೆಯಾಗಿ ಮಾಡಬೇಕು. ಉಳಿದವು ಕಂಡರೆ ಎದೆಗುಂದಿ ಅಕಾಲದಲ್ಲಿ ಸಾಯುವುವು. ಪ್ರಾಣಿಯ ಸಂಕಟವನ್ನು ಅವರು ಅರಿಯದವರಲ್ಲ. ಅರಿತು, ತೂಕದ ನಷ್ಟವೆಂದು ಲೆಕ್ಕಹಾಕಿದರು.

ಇದೇ ವರ್ರೋ ತನ್ನ ಗ್ರಂಥದ ಎರಡನೆಯ ಭಾಗದ ಆರಂಭದಲ್ಲಿ ಮರುಗಿರುವನು. ಕುಟುಂಬದ ಯಜಮಾನರು ನೇಗಿಲನ್ನೂ ಕುಡುಗೋಲನ್ನೂ ಬಿಟ್ಟು ಪಟ್ಟಣವನ್ನು ಸೇರಿದರು. ತಮ್ಮ ಹೊಟ್ಟೆಯನ್ನು ತುಂಬುವ ಕಾಳನ್ನು ಆಫ್ರಿಕದಿಂದಲೂ ಸಾರ್ಡಿನಿಯದಿಂದಲೂ ಹಡಗಿನಲ್ಲಿ ತರಿಸತೊಡಗಿದರು. ಅಂಥ ಕಾಲದಲ್ಲಿಯೇ ಕತ್ತಲೆಕೋಣೆಗಳಲ್ಲಿ ಗೋದಿಯ ರೊಟ್ಟಿಯೂ ಹಿಟ್ಟಿನ ಉಂಡೆಯೂ ಹಕ್ಕಿಗಳ ಗಂಟಲಿಗೆ ಇಳಿಯುತ್ತಿದ್ದವು.

ಜಾನುವಾರಿನ ಮೈ ತುಂಬಿಕೊಂಡಿರಬೇಕೆಂಬುದು ಎಲ್ಲ ಒಕ್ಕಲು ಮನೆಗಳ ಇಚ್ಛೆ, ಅದು ಯೋಗ್ಯವೂ ಅಹುದು. ಹುಲ್ಲು, ಹೊಟ್ಟು, ಹಿಂಡಿಗಳಿಂದ ಬಂದ ಕೊಬ್ಬು ಒಂದು ಬಗೆ. ಮನುಷ್ಯರು ಉಣ್ಣುವ ಧಾನ್ಯದಿಂದ ಬಂದ ಕೊಬ್ಬು ಇನ್ನೊಂದು ಬಗೆ. ಕೊಬ್ಬಿಸಿ ಮಾರುವ ಉದ್ಯಮಕ್ಕೆ ಕೈಹಾಕುವ ಭೂಮಾಲೀಕರು, ಮೇವು ಎಲ್ಲಿಯದು, ಎಷ್ಟು ದಿನದ್ದು, ಔತಣಗಳಿಲ್ಲದ ವರ್ಷದಲ್ಲಿ ಕೊಳ್ಳುವವರು ಯಾರು ಎಂಬ ಮೂರು ಲೆಕ್ಕಗಳನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಉತ್ತಮ.